ಅವ್ವನನ್ನು ಆರೈಕೆ ಮನೆಗೆ ಸೇರಿಸುವ ಮೊದಲು ಏನನ್ನು ನೋಡಬೇಕು?

ನಾಪೋಕ್ಲು ಕಡೆಯ ಮಗಳು (ಪ್ರಶ್ನೆ ಕೇಳಿದವರು), ಮೇ ತಿಂಗಳು

ಎಲ್ಲರಿಗೂ ನಮಸ್ಕಾರ. ನನ್ನ ಅವ್ವನಿಗೆ ಈಗ 81 ವರ್ಷ. ಕಳೆದ ವರ್ಷ ಪುತ್ತರಿ ಹಬ್ಬಕ್ಕೆ ಇನ್ನು ಹತ್ತು ದಿನವಿರುವಾಗ ಬಚ್ಚಲಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಾರೆ, ಆದರೆ ಹಾಸಿಗೆಯಿಂದ ಏಳಲು ಒಬ್ಬರ ಕೈ ಬೇಕೇ ಬೇಕು. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಇದೆ. ಇತ್ತೀಚೆಗೆ ಸಂಜೆಯಾಗುತ್ತಿದ್ದಂತೆ ಮನಸ್ಸಿಗೆ ಗೊಂದಲವಾಗಿ, ತೀರಿಕೊಂಡು ಆರು ವರ್ಷವಾದ ಅಪ್ಪ ತೋಟದಿಂದ ಬಂದರೇ ಎಂದು ಕೇಳುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ಸೇನೆಯಲ್ಲಿದ್ದಾನೆ. ಅವ್ವನನ್ನು ನನ್ನ ಮನೆಗೆ ಕರೆದುಕೊಂಡು ಹೋಗಿ ಮೂರು ತಿಂಗಳು ಇರಿಸಿಕೊಂಡೆ. ಮೂರನೆಯ ಮಹಡಿಯ ಕಿಟಕಿಯ ಬಳಿ ಕುಳಿತು ಅವರು ಮಾತನ್ನೇ ಕಡಿಮೆ ಮಾಡಿದ್ದರಿಂದ ಮತ್ತೆ ಊರಿಗೆ ಕರೆತಂದೆ. ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಅಕ್ಕ ಜೂನ್ ಕೊನೆಗೆ ಕೆಲಸ ಬಿಡುತ್ತಿದ್ದಾರೆ.

ಕೊಡಗು ಜಿಲ್ಲೆಯೊಳಗೆ ಮೂರು ಆರೈಕೆ ಮನೆಗಳನ್ನು ನೋಡಿ ಬಂದೆ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ, ವೃದ್ಧಾಶ್ರಮ ಎಂದರೆ ದಿಕ್ಕಿಲ್ಲದವರು ಇರುವ ಜಾಗ ಎಂಬ ಎರಡೇ ಕಲ್ಪನೆಗಳಿವೆ. ನಾನು ಹುಡುಕುತ್ತಿರುವುದು ಇವೆರಡರ ನಡುವಿನದು, ಅಂದರೆ ಹಿರಿಯರು ಅಲ್ಲೇ ವಾಸವಿದ್ದು ಶುಶ್ರೂಷೆಯನ್ನೂ ಪಡೆಯುವ ಮನೆ. ಮೂರು ಕಡೆಯೂ ‘ನಿಮ್ಮ ತಾಯಿಯನ್ನು ನಮ್ಮ ತಾಯಿಯಂತೆ ನೋಡಿಕೊಳ್ಳುತ್ತೇವೆ’ ಎಂದರು. ಒಂದು ಮನೆಯ ಟೈಲ್ಸ್ ಹೊಳೆಯುತ್ತಿತ್ತು, ಇನ್ನೊಂದರ ತೋಟ ಚೆನ್ನಾಗಿತ್ತು, ಮೂರನೆಯದು ಹಳೆಯ ಕಟ್ಟಡ. ಕಣ್ಣಿಗೆ ಕಾಣುವ ಇವುಗಳಿಂದ ಆರೈಕೆಯ ಗುಣಮಟ್ಟವನ್ನು ತಿಳಿಯುವುದು ಹೇಗೆ? ಅನುಭವವಿರುವವರು ದಯವಿಟ್ಟು ಹೇಳಬೇಕು.

ಗೋಣಿಕೊಪ್ಪಲಿನ ನಿವೃತ್ತ ಶುಶ್ರೂಷಕಿ

ತಂಗಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಾರ್ಡುಗಳಲ್ಲಿ ದುಡಿದವಳಾಗಿ ಹೇಳುತ್ತೇನೆ, ಕಟ್ಟಡವನ್ನು ಬಿಡಿ, ಅಲ್ಲಿರುವವರ ಹಿಮ್ಮಡಿಯನ್ನು ನೋಡಿ. ಹಾಸಿಗೆ ಹಿಡಿದವರ ಚರ್ಮ ಮೊದಲು ಕೆಡುವುದು ಹಿಮ್ಮಡಿಯಲ್ಲಿ, ಬೆನ್ನಿನ ಕೆಳತುದಿಯಲ್ಲಿ ಮತ್ತು ಸೊಂಟದ ಎಲುಬಿನ ಮೇಲೆ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಮಲಗಿದರೆ ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದು ನಿಂತು ಹುಣ್ಣಾಗುತ್ತದೆ. ಆದ್ದರಿಂದಲೇ ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕೆಂದು ನಮಗೆ ಕಲಿಸುತ್ತಾರೆ. ಮೊದಲ ಹಂತದಲ್ಲಿ ಹುಣ್ಣು ಇರುವುದಿಲ್ಲ, ಚರ್ಮ ಕೆಂಪಾಗಿರುತ್ತದೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು, ಆಗ ಕೈಯಿಂದ ಮುಟ್ಟಿ ಆ ಜಾಗ ಬಿಸಿಯಾಗಿದೆಯೇ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಆರೈಕೆ ಮನೆಯ ಸಿಸ್ಟರನ್ನು ‘ನಿಮ್ಮಲ್ಲಿ ಈಗ ಎಷ್ಟು ಜನರಿಗೆ ಬೆಡ್‌ಸೋರ್ ಇದೆ, ಅದರಲ್ಲಿ ಎಷ್ಟು ಇಲ್ಲಿಗೆ ಬಂದ ಮೇಲೆ ಆದದ್ದು’ ಎಂದು ನೇರವಾಗಿ ಕೇಳಿ. ಯಾರಿಗೂ ಇಲ್ಲ ಎಂದು ತಟ್ಟನೆ ಹೇಳುವವರಿಗಿಂತ, ಒಬ್ಬರಿಗೆ ಇತ್ತು, ಹೀಗೆ ವಾಸಿ ಮಾಡಿದೆವು ಎಂದು ವಿವರಿಸುವವರನ್ನು ನಾನು ಹೆಚ್ಚು ನಂಬುತ್ತೇನೆ.

ಚರ್ಮಕ್ಕೆ ಅಪಾಯ ಎಷ್ಟಿದೆಯೆಂದು ಅಳೆಯಲು 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕವೆಂಬುದು ಇದೆ. ಆರು ವಿಷಯಗಳಿಗೆ ಅಂಕ ಕೊಟ್ಟು 6ರಿಂದ 23ರೊಳಗೆ ಒಂದು ಮೊತ್ತ ಬರುತ್ತದೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಆ ಆರರಲ್ಲಿ ಒಂದು ತೇವ. ಕೊಡಗಿನಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಒದ್ದೆಯಾಗುವ ಹಾಸಿಗೆಯ ವಸ್ತ್ರಗಳನ್ನು ಹದಿನೈದು ಜನರಿಗೆ ಬದಲಿಸಬೇಕಾದ ಮನೆಯಲ್ಲಿ ಅವನ್ನು ಒಣಗಿಸುವ ಏರ್ಪಾಡು ಏನಿದೆ? ಒಲೆಯ ಮೇಲಿನ ಅಟ್ಟವೋ, ಒಣಗಿಸುವ ಯಂತ್ರವೋ, ಬಿಸಿಕೋಣೆಯೋ, ಏನಾದರೂ ಇರಲೇಬೇಕು. ಆ ಕೋಣೆಯನ್ನು ತೋರಿಸಿ ಎಂದು ಕೇಳಿ. ಅರೆ ಒಣಗಿದ ವಸ್ತ್ರದ ಮೇಲೆ ಮಲಗಿದ ಮೈ ಒಂದು ವಾರದಲ್ಲಿ ಬಿರಿಯುತ್ತದೆ.

ಎರಡನೆಯದು ತೂಕ. ಪ್ರತಿ ತಿಂಗಳು ತೂಕ ಬರೆದಿಡದ ಮನೆಗೆ ಅವ್ವನನ್ನು ಕಳುಹಿಸಬೇಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ತಾನಾಗಿ ಇಳಿದರೆ ಅದನ್ನು ಗಂಭೀರವೆಂದು ಪರಿಗಣಿಸುತ್ತಾರೆ. ನಿಮ್ಮ ಅವ್ವ 50 ಕಿಲೋ ಇದ್ದರೆ, ಒಂದೇ ತಿಂಗಳಲ್ಲಿ ಎರಡೂವರೆ ಕಿಲೋ ಇಳಿಯುವುದು ವಯಸ್ಸಿನ ಸಹಜ ಲಕ್ಷಣವಲ್ಲ. ಊಟ ಮುಂದಿಡುವುದು ಬೇರೆ, ಉಣಿಸುವುದು ಬೇರೆ. ಊಟದ ಹೊತ್ತಿಗೇ ಹೋಗಿ ನಿಂತು ನೋಡಿ. ಕೂರಿಸಿ ಉಣಿಸುತ್ತಾರೆಯೇ, ಮಲಗಿಸಿಯೇ ಬಾಯಿಗೆ ಹಾಕುತ್ತಾರೆಯೇ, ಉಂಡ ಮೇಲೆ ಅರ್ಧ ಗಂಟೆಯಾದರೂ ಕುಳಿತಿರಲು ಬಿಡುತ್ತಾರೆಯೇ? ಮಲಗಿಸಿ ಉಣಿಸಿದ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದವರನ್ನು ನಾನು ಕಂಡಿದ್ದೇನೆ. ಇನ್ಸುಲಿನ್ ಹಾಕಿ ಊಟ ತಡವಾದರೂ ಪ್ರಾಣಕ್ಕೆ ಕುತ್ತು. ಚುಚ್ಚಿದ ಸಮಯ, ಉಂಡ ಸಮಯ, ಉಂಡ ಪ್ರಮಾಣ ಮೂರನ್ನೂ ಬರೆಯುತ್ತಾರೆಯೇ ಕೇಳಿ. ಸಕ್ಕರೆಯ ಮಟ್ಟ 70ಕ್ಕಿಂತ ಕೆಳಗೆ ಇಳಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಮಾಲೀಕರಿಗಲ್ಲ, ರಾತ್ರಿ ಪಾಳಿಯ ಆಯಾಗೆ ಕೇಳಿ.

ಸೋಮವಾರಪೇಟೆಯ ಮಗ

ಶುಶ್ರೂಷಕಿ ಅಕ್ಕನವರು ಬರೆದದ್ದನ್ನು ಓದುವಾಗ ನನ್ನ ಕಣ್ಣು ತುಂಬಿತು. ನಾಲ್ಕು ವರ್ಷದ ಹಿಂದೆ ಇದನ್ನು ಯಾರಾದರೂ ನನಗೆ ಹೇಳಿದ್ದರೆ ಅಪ್ಪನ ಕೊನೆಯ ತಿಂಗಳುಗಳು ಬೇರೆಯಾಗುತ್ತಿದ್ದವು. ಪಾರ್ಶ್ವವಾಯುವಾದ ಅಪ್ಪನನ್ನು ಒಂದು ಆರೈಕೆ ಮನೆಯಲ್ಲಿ ಇರಿಸಿದ್ದೆ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ತಪ್ಪದೆ ಹೋಗುತ್ತಿದ್ದೆ. ಪ್ರತಿ ಭಾನುವಾರವೂ ಅಪ್ಪ ಸ್ನಾನ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ತಲೆ ಬಾಚಿಸಿಕೊಂಡು ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಶಾಲು ಹೊದಿಸಿರುತ್ತಿದ್ದರು. ಆ ಶಾಲಿನ ಕೆಳಗೆ, ಬೆನ್ನಿನ ತುದಿಯಲ್ಲಿ, ಎಲುಬು ಕಾಣುವಷ್ಟು ಆಳದ ಹುಣ್ಣಿತ್ತು. ಅದು ನನಗೆ ತಿಳಿದದ್ದು ಜ್ವರ ಬಂದು ಆಸ್ಪತ್ರೆಗೆ ಸಾಗಿಸಿದ ಮೇಲೆ.

ಮಗ್ಗುಲು ಬದಲಿಸಿದ ಪಟ್ಟಿಯನ್ನು ಕೇಳಿದಾಗ ತಂದು ಕೊಟ್ಟರು. ಎಂಟು, ಹತ್ತು, ಹನ್ನೆರಡು, ಎರಡು ಎಂದು ಏಳೂ ದಿನಗಳ ಪಟ್ಟಿ ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ, ಒಂದೂ ತಪ್ಪಿಲ್ಲದೆ ತುಂಬಿತ್ತು. ಮೂರು ಪಾಳಿಯಲ್ಲಿ ಕೆಲಸ ಮಾಡುವ ಜನ ನಿಜವಾಗಿ ಬರೆದಿದ್ದರೆ ಅದು ಹಾಗೆ ಇರಲು ಸಾಧ್ಯವೇ ಇಲ್ಲ. ಬೇರೆ ಬೇರೆ ಕೈಬರಹ, ಹೊಡೆದುಹಾಕಿದ ಸಾಲು, ಅಲ್ಲಲ್ಲಿ ‘ಬೇಡವೆಂದರು’, ‘ವಾಂತಿಯಾಯಿತು’ ಎಂಬ ಟಿಪ್ಪಣಿ ಇರುವ ಪಟ್ಟಿಯೇ ನಂಬಲು ಯೋಗ್ಯ. ನಾನು ಮಾಡಿದ ತಪ್ಪು ಒಂದೇ ದಿನ ಒಂದೇ ಹೊತ್ತಿಗೆ ಹೋದದ್ದು. ನೀವು ಮಂಗಳವಾರ ಸಂಜೆ ಏಳಕ್ಕೆ ಹೋಗಿ, ಒಂದು ದಿನ ಬೆಳಗ್ಗೆ ಆರಕ್ಕೆ ಹೋಗಿ. ಹೇಳದೆ ಹೋಗಿ. ಭೇಟಿಯ ಸಮಯ ಇಷ್ಟೇ ಎಂದು ಬಾಗಿಲಲ್ಲೇ ತಡೆದರೆ ಅದೇ ನಿಮಗೆ ಉತ್ತರ.

ಕುಶಾಲನಗರದ ಬಳಿ ಸಣ್ಣ ಆರೈಕೆ ಮನೆಯೊಂದರ ಮೇಲ್ವಿಚಾರಕ

ಸಹೋದರರ ನೋವಿಗೆ ನಮ್ಮ ಕೆಲಸದವರೆಲ್ಲರ ಪರವಾಗಿ ತಲೆ ಬಾಗುತ್ತೇನೆ. ಈ ಕಡೆಯಿಂದ ಕಾಣುವುದನ್ನೂ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಲೆಕ್ಕ ತಿಳಿದರೆ ಸರಿಯಾದ ಪ್ರಶ್ನೆ ಕೇಳಬಹುದು. ‘ನಮ್ಮಲ್ಲಿ ಎಂಟು ಜನ ಸಿಬ್ಬಂದಿ ಇದ್ದಾರೆ’ ಎಂದು ಯಾರಾದರೂ ಹೇಳಿದರೆ ಮೂರು ಪಾಳಿಗೆ ಹಂಚಿ, ವಾರದ ರಜೆಯನ್ನೂ ಊರಿಗೆ ಹೋದವರನ್ನೂ ಕಳೆಯಿರಿ, ರಾತ್ರಿಗೆ ಉಳಿಯುವುದು ಒಬ್ಬರು ಅಥವಾ ಇಬ್ಬರು. ಹಾಸಿಗೆ ಹಿಡಿದವರು ಆರು ಜನರಿದ್ದಾರೆ ಎಂದುಕೊಳ್ಳಿ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಐದರವರೆಗೆ ಎರಡು ಗಂಟೆಗೊಮ್ಮೆ ಎಂದರೆ ನಾಲ್ಕು ಸುತ್ತು, ಅಂದರೆ 24 ಸಲ ಮಗ್ಗುಲು ಬದಲಿಸಬೇಕು. ಡೈಪರ್ ಬದಲಿಸಿ, ಒರೆಸಿ, ದಿಂಬು ಇಡಲು ತಲಾ ಹತ್ತು ನಿಮಿಷವಾದರೂ ಬೇಕು. ಹಾಗಾಗಿ ನಾಲ್ಕು ಗಂಟೆ ಬರೀ ಅದಕ್ಕೇ ಹೋಗುತ್ತದೆ. ಭಾರದ ಮೈಯವರನ್ನು ಒಬ್ಬರೇ ಹೊರಳಿಸಲು ಆಗುವುದೂ ಇಲ್ಲ, ಎಳೆದರೆ ಚರ್ಮ ಕೀಳುತ್ತದೆ. ರಾತ್ರಿಗೆ ಒಬ್ಬರೇ ಇರುವ ಮನೆಯಲ್ಲಿ ಎರಡು ಗಂಟೆಯ ಪಟ್ಟಿ ತುಂಬಿದ್ದರೆ ಅದು ಸುಳ್ಳಿನ ಪಟ್ಟಿಯೆಂದು ಪೆನ್ನಿನ ಬಣ್ಣ ನೋಡದೆಯೇ ಹೇಳಬಹುದು.

ಆದ್ದರಿಂದ ಒಟ್ಟು ಸಿಬ್ಬಂದಿ ಎಷ್ಟು ಎಂದು ಕೇಳಬೇಡಿ. ನಿನ್ನೆ ರಾತ್ರಿ ಯಾರಿದ್ದರು, ಈ ರಾತ್ರಿ ಯಾರು ಬರುತ್ತಾರೆ, ಅವರಲ್ಲಿ ತರಬೇತಿ ಪಡೆದ ನರ್ಸ್ ಯಾರು ಎಂದು ಕೇಳಿ, ಪಾಳಿ ಪಟ್ಟಿಯನ್ನು ನೋಡಿ. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಂಗಳಿಗೆ ಸರಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತಿದೆ. ತಪಾಸಣೆ, ಸಿಬ್ಬಂದಿ, ನಿವಾಸಿಗಳ ಆರೋಗ್ಯದ ಅಳತೆ ಈ ಮೂರನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಸಿಬ್ಬಂದಿಯ ಸಂಖ್ಯೆಯನ್ನು ಮೊದಲು ಆ ಮನೆಗಳೇ ಹೇಳಿದಂತೆ ತೆಗೆದುಕೊಳ್ಳುತ್ತಿದ್ದರು. ನಂತರ ವೇತನ ಪಟ್ಟಿಯ ಆಧಾರದಲ್ಲಿಯೇ ವರದಿ ಮಾಡಬೇಕೆಂದು 2016ರಲ್ಲಿ ಕಡ್ಡಾಯ ಮಾಡಿದರು. ನಮ್ಮಲ್ಲಿ ನಕ್ಷತ್ರ ಕೊಡುವವರಿಲ್ಲದ ಕಾರಣ ಆ ಕೆಲಸ ಮಕ್ಕಳದೇ ಆಗಿದೆ.

ಇನ್ನೊಂದು ಮಾತು ಮಳೆಗಾಲದ್ದು. ಕರೆಂಟು ಎರಡು ಮೂರು ದಿನ ಬಾರದಿರುವುದು ನಮಗೆ ಹೊಸದಲ್ಲ. ಜನರೇಟರ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ಡೀಸೆಲ್ ಎಷ್ಟು ದಿನಕ್ಕೆ ಇದೆ ಎಂದು ಕೇಳಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬಳಸುತ್ತಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗಿಡಬಹುದು, ನಮ್ಮ ಚಳಿಗೆ ಅದಕ್ಕೆ ತೊಂದರೆಯಿಲ್ಲ, ಆದರೆ ದಾಸ್ತಾನು ಕೆಟ್ಟರೆ ಕಷ್ಟ. ಆಮ್ಲಜನಕದ ಯಂತ್ರ ಕರೆಂಟಿಲ್ಲದೆ ನಡೆಯದು, ಅದಕ್ಕೆ ಸಿಲಿಂಡರ್ ಬೇರೆ ಇರಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಹೋಗುವ ರಸ್ತೆ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ರಸ್ತೆ ಕಡಿದರೆ ಯಾವ ಆಸ್ಪತ್ರೆಗೆ, ಯಾವ ದಾರಿಯಲ್ಲಿ, ಯಾವ ವಾಹನದಲ್ಲಿ ಒಯ್ಯುತ್ತೀರಿ ಎಂಬುದಕ್ಕೆ ಸಿದ್ಧ ಉತ್ತರವಿಲ್ಲದ ಮನೆ ಕೊಡಗಿನಲ್ಲಿ ಹಿರಿಯರನ್ನು ಇಟ್ಟುಕೊಳ್ಳಬಾರದು.

ಮಡಿಕೇರಿಯ ವಕೀಲರು

ಕಾಗದಪತ್ರಗಳ ಬಗ್ಗೆ ಸಂಕ್ಷಿಪ್ತವಾಗಿ ತಿಳಿಸುತ್ತೇನೆ. ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ನೋಂದಣಿಯಾಗಿರಬೇಕು, ನೋಂದಣಿ ಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. ವಾಸದ ಮನೆಯೆಂದು ಹೇಳಿಕೊಂಡು ಡ್ರಿಪ್ ಹಾಕುವುದು, ಕ್ಯಾತಿಟರ್ ಹಾಕುವುದು ಮೊದಲಾದ ಚಿಕಿತ್ಸೆ ನಡೆಸುತ್ತಿದ್ದರೆ ಆ ಪತ್ರವನ್ನು ಕೇಳಿ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಮುಖ್ಯವಾಗಿ ಮಕ್ಕಳ ಹೊಣೆಯನ್ನು ಕುರಿತದ್ದು. ಅದರ 24ನೆಯ ಕಲಮಿನಂತೆ, ತಮ್ಮ ಆರೈಕೆಯಲ್ಲಿರುವ ಹಿರಿಯರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು ಅಪರಾಧ. ಆರೈಕೆ ಮನೆಗೆ ಸೇರಿಸುವುದು ತೊರೆಯುವುದಲ್ಲ; ಸೇರಿಸಿದ ಮೇಲೆ ತಿರುಗಿ ನೋಡದಿರುವುದು ಅದಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಹಣ ಕೊಟ್ಟು ಪಡೆಯುವ ಸೇವೆಯಾದ್ದರಿಂದ ಲೋಪವಾದರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅದಕ್ಕಾಗಿಯೇ ಒಪ್ಪಂದ ಬರಹದಲ್ಲಿರಲಿ. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ, ಡೈಪರ್, ಔಷಧ, ಫಿಸಿಯೋಥೆರಪಿಯ ಖರ್ಚು ಯಾರದು, ಠೇವಣಿ ಯಾವಾಗ ಹಿಂದಿರುಗುತ್ತದೆ, ಬಿದ್ದರೆ ಅಥವಾ ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ನಿಮಗೆ ತಿಳಿಸಬೇಕು ಎಂಬುದನ್ನೆಲ್ಲ ಬರೆಸಿ. ಹಿರಿಯರ ಸಹಾಯವಾಣಿ 14567ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆ ಸಂಖ್ಯೆಯನ್ನು ನಿವಾಸಿಗಳ ಕಣ್ಣಿಗೆ ಕಾಣುವಂತೆ ಬರೆದು ಅಂಟಿಸಿರುವ ಮನೆಯನ್ನು ನಾನು ಗೌರವದಿಂದ ನೋಡುತ್ತೇನೆ.

ವಿರಾಜಪೇಟೆಯಿಂದ, ಮೊದಲು ಆಯಾ ಕೆಲಸ ಮಾಡಿದವಳು

ನನಗೆ ಬರೆಯುವುದು ಅಷ್ಟು ಅಭ್ಯಾಸವಿಲ್ಲ, ಆದರೂ ಒಂದು ವಿಷಯ ಯಾರೂ ಹೇಳಲಿಲ್ಲ ಎಂದು ಬರೆಯುತ್ತಿದ್ದೇನೆ. ಮರೆವು ಹೆಚ್ಚಾದವರಲ್ಲಿ ಎಷ್ಟೋ ಜನ ಕೊನೆಗೆ ಚಿಕ್ಕಂದಿನಲ್ಲಿ ಕಲಿತ ಮಾತಿಗೇ ಹಿಂದಿರುಗುತ್ತಾರೆ. ನಾನಿದ್ದ ಕಡೆ ಒಬ್ಬ ಅಜ್ಜಿ ವರ್ಷಗಟ್ಟಲೆ ಕನ್ನಡ ಮೇಷ್ಟರಾಗಿದ್ದವರ ಹೆಂಡತಿ, ಚೆಂದವಾಗಿ ಕನ್ನಡ ಆಡುತ್ತಿದ್ದವರು, ಕೊನೆಯ ವರ್ಷ ಕೊಡವ ತಕ್ಕ್ (ಕೊಡವ ಭಾಷೆ) ಬಿಟ್ಟು ಬೇರೆ ಆಡಲಿಲ್ಲ. ಹೊರ ರಾಜ್ಯದಿಂದ ಬಂದ ಹುಡುಗಿಯರಿಗೆ ಅದು ಅರ್ಥವಾಗುತ್ತಿರಲಿಲ್ಲ. ನೀರು ಕೇಳಿದರೆ ಗಲಾಟೆ ಎಂದುಕೊಂಡರು, ಹೊಟ್ಟೆನೋವು ಎಂದರೆ ಹಠ ಎಂದುಕೊಂಡರು. ಗಲಾಟೆ ಮಾಡುತ್ತಾರೆಂದು ರಾತ್ರಿ ನಿದ್ರೆ ಮಾತ್ರೆ ಕೊಡಲು ಶುರು ಮಾಡಿದರು. ಮಾತ್ರೆಯ ಮಂಪರಿನಲ್ಲಿ ಎದ್ದು ಬಿದ್ದರು. ನಿಮ್ಮ ಅವ್ವನ ಮಾತು ಬಲ್ಲವರು ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಇದ್ದಾರೆಯೇ ನೋಡಿ. ಅರೆಭಾಷೆಯಾಗಲಿ, ತುಳುವಾಗಲಿ, ಮಲಯಾಳವಾಗಲಿ, ಎರವರ ಮಾತಾಗಲಿ, ಎಲ್ಲರಿಗೂ ಇದೇ ಪ್ರಶ್ನೆ. ನಿದ್ರೆ ಮಾತ್ರೆ ಎಷ್ಟು ಜನರಿಗೆ ಕೊಡುತ್ತೀರಿ, ಯಾವ ಡಾಕ್ಟರು ಬರೆದದ್ದು ಎಂದೂ ಕೇಳಿ. ಸಂಜೆ ಏಳಕ್ಕೆಲ್ಲ ಇಡೀ ಮನೆ ನಿಶ್ಶಬ್ದವಾಗಿ ಮಲಗಿದ್ದರೆ ಅದನ್ನು ಶಾಂತಿ ಎಂದುಕೊಳ್ಳಬೇಡಿ.

ನಾಪೋಕ್ಲು ಕಡೆಯ ಮಗಳು, ಆಗಸ್ಟ್ ತಿಂಗಳು

ಎಲ್ಲ ಹಿರಿಯರಿಗೂ ಉತ್ತರಿಸಲು ಎರಡು ತಿಂಗಳಿಗೂ ಹೆಚ್ಚು ತಡವಾಯಿತು, ಕ್ಷಮಿಸಬೇಕು. ಅಕ್ಕ ಕೆಲಸ ಬಿಡುವುದನ್ನು ಆಗಸ್ಟಿನವರೆಗೆ ಮುಂದೂಡಿದರು, ಆ ಉಪಕಾರವನ್ನು ನಾನು ಮರೆಯಲಾರೆ. ಜುಲೈಯಲ್ಲಿ, ಕೊಡವರ ಕಕ್ಕಡ ತಿಂಗಳ ಮಳೆ ಜೋರಾಗಿರುವಾಗಲೇ, ಮೂರು ಮನೆಗಳಿಗೂ ಹೇಳದೆ ಮತ್ತೆ ಹೋದೆ.

ಟೈಲ್ಸಿನ ಮನೆಗೆ ಹೋದದ್ದು ಸಂಜೆ ಆರೂಮುಕ್ಕಾಲಕ್ಕೆ. ಬಾಗಿಲು ತೆರೆಯಲು ಹತ್ತು ನಿಮಿಷವಾಯಿತು. ಎಲ್ಲರೂ ಊಟ ಮುಗಿಸಿ ಮಲಗಿದ್ದರು. ಇಪ್ಪತ್ತೆರಡು ಜನರಿಗೆ ಒಬ್ಬ ಹುಡುಗಿ ಇದ್ದಳು, ಬಹಳ ದಣಿದಿದ್ದಳು, ಅವಳ ಮೇಲೆ ನನಗೆ ಕೋಪ ಬರಲಿಲ್ಲ. ತೂಕದ ಪುಸ್ತಕ ಕೇಳಿದಾಗ ಕಚೇರಿಯಲ್ಲಿದೆ, ಬೀಗ ಹಾಕಿದೆ ಎಂದಳು. ಎರಡನೆಯ ಮನೆಯಲ್ಲಿ ಕೆಲಸದವರು ಒಳ್ಳೆಯವರು, ಆದರೆ ಅವ್ವನ ಮಾತು ಬಲ್ಲವರು ಹಗಲಿಗೆ ಮಾತ್ರ ಇದ್ದರು, ವಸ್ತ್ರಗಳನ್ನು ಜಗಲಿಯ ಹಗ್ಗದಲ್ಲೇ ಒಣಗಿಸುತ್ತಿದ್ದರು.

ಹಳೆಯ ಕಟ್ಟಡದ ಮನೆಗೆ ಹೋದಾಗ ಕರೆಂಟು ಹೋಗಿ ಎರಡನೆಯ ದಿನ. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿತ್ತು, ಮೇಲೆ ಬಿದಿರಿನ ಗಳಗಳಲ್ಲಿ ಹಾಸಿಗೆಯ ವಸ್ತ್ರಗಳು ಒಣಗುತ್ತಿದ್ದವು. ಮುಟ್ಟಿ ನೋಡಿದೆ, ಬೆಚ್ಚಗಿದ್ದವು, ಸ್ವಲ್ಪ ಹೊಗೆಯ ವಾಸನೆಯಿತ್ತು. ಹದಿನಾಲ್ಕು ಜನರಿಗೆ ರಾತ್ರಿ ಇಬ್ಬರು. ಒಬ್ಬರು ಸಿಸ್ಟರ್ ಬೇರೆ ಜಿಲ್ಲೆಯವರು, ಇನ್ನೊಬ್ಬರು ನಮ್ಮ ಕಡೆಯ ಹೆಂಗಸು. ಬೆಡ್‌ಸೋರ್ ಎಷ್ಟು ಜನರಿಗೆ ಎಂದು ಕೇಳಿದೆ. ಇಬ್ಬರಿಗೆ, ಒಬ್ಬರು ಆಸ್ಪತ್ರೆಯಿಂದ ಬರುವಾಗಲೇ ತಂದದ್ದು, ಇನ್ನೊಬ್ಬರಿಗೆ ನಮ್ಮ ತಪ್ಪಿನಿಂದ ಆದದ್ದು, ವಾಟರ್ ಬೆಡ್ ತೂತಾಗಿದ್ದು ನಾಲ್ಕು ದಿನ ಗಮನಿಸಲಿಲ್ಲ ಎಂದು ಸಿಸ್ಟರ್ ಹೇಳಿದರು. ಪಟ್ಟಿಯಲ್ಲಿ ಮೂರು ಕೈಬರಹಗಳಿದ್ದವು, ಒಂದು ರಾತ್ರಿ ಎರಡು ಸುತ್ತು ತಪ್ಪಿದ್ದನ್ನು ಖಾಲಿಯೇ ಬಿಟ್ಟಿದ್ದರು.

ಕಕ್ಕಡ ಹದಿನೆಂಟರಂದು ಅದೇ ಮನೆಗೆ ಮತ್ತೆ ಹೋದೆ. ಅಂದು, ತಿಂದರೆ ಮೂತ್ರ ಕೆಂಪಾಗುವ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕದೆ ಬೇರೆ ತೆಗೆದಿಟ್ಟಿದ್ದರು. ಆ ಸಿಸ್ಟರ್ ಬಂದ ಮೊದಲ ವರ್ಷ ಮಾರನೆಯ ಬೆಳಗ್ಗೆ ಎಲ್ಲರ ಮೂತ್ರ ಕೆಂಪಾದದ್ದನ್ನು ಕಂಡು, ರಕ್ತ ಹೋಗುತ್ತಿದೆಯೆಂದು ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ್ದರಂತೆ. ಅದನ್ನು ಕೇಳಿ ಮೊದಲು ನಗು ಬಂತು, ಆಮೇಲೆ ಮನಸ್ಸು ತುಂಬಿತು. ಹದಿನಾಲ್ಕು ಜನರ ಮೂತ್ರದ ಬಣ್ಣವನ್ನು ಬೆಳಗ್ಗೆ ಎದ್ದು ಗಮನಿಸುವವರು ಅಲ್ಲಿದ್ದಾರೆ.

ಒಂದು ತಿಂಗಳ ಪ್ರಯೋಗಕ್ಕೆ ಸೇರಿಸಿದ್ದೇನೆ. ಒಪ್ಪಂದವನ್ನು ವಕೀಲರು ಹೇಳಿದಂತೆಯೇ ಬರೆಸಿದೆ. ಸೇರಿದ ದಿನ ತೂಕ 47 ಕಿಲೋ, ಚರ್ಮ ಎಲ್ಲಿಯೂ ಕೆಂಪಾಗಿಲ್ಲ ಎಂದು ಇಬ್ಬರೂ ಸಹಿ ಹಾಕಿದೆವು. ಅವ್ವ ಮೊದಲ ಮೂರು ದಿನ ಅತ್ತರು, ಮನೆಗೆ ಕರೆದುಕೊಂಡು ಹೋಗು ಎಂದರು. ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು ಎಂದು ನನಗೆ ಇನ್ನೂ ತಿಳಿದಿಲ್ಲ.

ಗೋಣಿಕೊಪ್ಪಲಿನ ನಿವೃತ್ತ ಶುಶ್ರೂಷಕಿ

ತಂಗಿ, ಅಳುವುದನ್ನೂ ಬರೆದಿಡಿ. ಯಾವ ಹೊತ್ತಿಗೆ ಅತ್ತರು, ಯಾರು ಬಳಿ ಕುಳಿತರೆ ನಿಲ್ಲಿಸಿದರು ಎಂಬುದನ್ನು ಸಿಸ್ಟರ್ ಬರೆಯಲಿ, ಸಂಜೆಯ ಗೊಂದಲಕ್ಕೂ ಅದಕ್ಕೂ ಸಂಬಂಧವಿರುತ್ತದೆ. ಮೂತ್ರದ ಸೋಂಕಾದರೂ, ನೀರು ಸಾಲದಿದ್ದರೂ ಮುದುಕರಲ್ಲಿ ಗೊಂದಲ ಹಠಾತ್ತಾಗಿ ಹೆಚ್ಚುತ್ತದೆ, ಆದ್ದರಿಂದ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ಅಪ್ಪನವರ ಒಂದು ಫೋಟೋವನ್ನೂ ಅವ್ವ ಮನೆಯಲ್ಲಿ ಹೊದೆಯುತ್ತಿದ್ದ ಕಂಬಳಿಯನ್ನೂ ತಂದು ಕೊಡಿ. ನೀವು ಬೆಂಗಳೂರಿಗೆ ಹೋದ ಮೇಲೆ ಗುರುವಾರಗಳಂದು ನಾನು ಆ ಕಡೆ ಬರುವುದಿದೆ. ಅನುಮತಿ ಪತ್ರದಲ್ಲಿ ನನ್ನ ಹೆಸರನ್ನು ಸೇರಿಸಿದರೆ ಒಳಗೆ ಹೋಗಿ ಹಿಮ್ಮಡಿ ನೋಡಿ ಬಂದು ನಿಮಗೆ ಬರೆಯುತ್ತೇನೆ. ಕೆಲವು ವಾರ ಬೆಳಗ್ಗೆ ಹೋಗುತ್ತೇನೆ, ಕೆಲವು ವಾರ ಸಂಜೆ.